ವಾರಂಟಿ ಖರ್ಚು ಎರಡು ಸಲ ಬೀಳುತ್ತಿತ್ತು

ಪೀಣ್ಯದ ಒಂದು ಸಣ್ಣ ಪಂಪ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಪ್ರತಿ ಪಂಪಿಗೂ ಒಂದು ವರ್ಷದ ವಾರಂಟಿ. ರಿಪೇರಿಯಾದ ತಿಂಗಳಲ್ಲೇ ಖರ್ಚು ಬರೆಯುತ್ತಿದ್ದೆ. ಹಾಗಾಗಿ ಮಾರಾಟ ಜೋರಾಗಿದ್ದ ವರ್ಷ ಲಾಭ ಉಬ್ಬಿ ಕಾಣುತ್ತಿತ್ತು, ಅದರ ರಿಪೇರಿ ಹೊರೆ ಮುಂದಿನ ವರ್ಷದ ತಲೆಗೆ. ಲೆಕ್ಕ ಬರೆಯುವ ಮಾನದಂಡವಾದ ಎಎಸ್ 29ರ ಪ್ರಕಾರ ಮಾರಿದಾಗಲೇ ಹೊಣೆ ಹುಟ್ಟುತ್ತದೆ, ಅಂದಾಜು ಮಾಡಿ ಪ್ರಾವಿಷನ್ (ಮುಂದೆ ಬರುವ ಖರ್ಚಿಗೆ ಈಗಲೇ ಲೆಕ್ಕದಲ್ಲಿ ತೋರಿಸುವ ಮೊತ್ತ) ಇಡಿ ಎಂದರು ಆಡಿಟರ್.

ಮೂರು ವರ್ಷದ ಸರ್ವಿಸ್ ರಿಜಿಸ್ಟರ್ ತೆಗೆದು, ಸೀರಿಯಲ್ ನಂಬರ್ ಹಿಡಿದು, ಯಾವ ಪಂಪ್ ಯಾವ ವರ್ಷ ಮಾರಿದ್ದು ಅಂತ ಜೋಡಿಸಿದೆ. ಇದಕ್ಕೇ ನಾಲ್ಕು ದಿನ ಹಿಡಿಯಿತು. ಆದರೆ ಅಂದಾಜಿನ ಜೀವಾಳ ಇದೇ. ನೂರಕ್ಕೆ ಐದು ಪಂಪ್ ವಾಪಸ್, ಒಂದಕ್ಕೆ ಸರಾಸರಿ 700 ರೂ. ಈ ವರ್ಷ ಮಾರಿದ 1,200 ಪಂಪಿಗೆ 42,000 ರೂ. ವಾರಂಟಿ ಖರ್ಚು ಡೆಬಿಟ್, ವಾರಂಟಿ ಪ್ರಾವಿಷನ್ ಕ್ರೆಡಿಟ್.

ಆದರೂ ಲಾಭ ತೀರಾ ಕಡಿಮೆ ಬಂತು. ಲೆಡ್ಜರ್ ಸಾಲುಸಾಲು ನೋಡಿದಾಗ ಸಿಕ್ಕಿತು: ಇದೇ ಪಂಪುಗಳ ಬಿಡಿಭಾಗ, ಮೆಕ್ಯಾನಿಕ್ ಕೂಲಿ ಹಳೇ ಅಭ್ಯಾಸದಂತೆ ಮತ್ತೆ ಖರ್ಚಿಗೇ ಹೋಗಿತ್ತು. 18,000 ರೂ. ಎರಡು ಸಲ! ಅದನ್ನು ಖರ್ಚಿನಿಂದ ತೆಗೆದು ಪ್ರಾವಿಷನ್‌ಗೆ ಡೆಬಿಟ್ ಮಾಡಿದೆ, ಅಂದರೆ ಇಟ್ಟಿದ್ದ 42,000ದಿಂದ ಕಳೆದೆ. ಮಾರ್ಚ್ 31ಕ್ಕೆ ಉಳಿದ 24,000 ರೂ. ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯಾಗಿ ನಿಂತಿತು. ಹಿಂದಿನ ವರ್ಷ ಮಾರಿದ ಪಂಪುಗಳಿಗೆ ಪ್ರಾವಿಷನ್ ಇರಲಿಲ್ಲವಾದ್ದರಿಂದ ಅವುಗಳ ರಿಪೇರಿ ಮಾತ್ರ ಖರ್ಚಿನಲ್ಲೇ ಉಳಿಯಿತು.

ತೆರಿಗೆಯಲ್ಲಿ ಇದನ್ನು ಒಪ್ಪುತ್ತಾರಾ ಎಂಬ ಆತಂಕ ಮಾಲೀಕರಿಗೆ. ಹಿಂದಿನ ಅನುಭವದ ಮೇಲೆ ನಿಂತ ನಂಬಲರ್ಹ ಅಂದಾಜಾದರೆ ಅದನ್ನು ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಹೇಳಿದೆ. ರಿಜಿಸ್ಟರಿನ ಪ್ರತಿಯನ್ನೂ ಲೆಕ್ಕದ ಹಾಳೆಯನ್ನೂ ಫೈಲಿಗೆ ಸೇರಿಸಿಟ್ಟೆ.