ವರ್ಷಗಟ್ಟಲೆ ನಿಂತ ಕಿರ್ಲೋಸ್ಕರ್ ಇಂಜಿನ್ ಚಾಲೂ ಮಾಡುವುದು ಹೇಗೆ

ಪುಣೆಯ ಭೋಸರಿಯಲ್ಲಿರುವ ನನ್ನ ಗ್ಯಾರೇಜಿಗೆ ನಮ್ಮ ಬೆಳಗಾವಿ ಕಡೆಯವರು ಹಳೇ ಇಂಜಿನ್ ತರುತ್ತಾರೆ. ಗುಜರಿಗೆ ಹಾಕೋಣವಾ ಅಂತ ಕೇಳುತ್ತಾರೆ. ದಯವಿಟ್ಟು ಹಾಕಬೇಡಿ. ಎಷ್ಟೋ ಸಲ ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರುತ್ತದೆ, ಅಷ್ಟೇ.

ಮೊದಲು ನೇಮ್ ಪ್ಲೇಟ್ ಒರೆಸಿ ಓದಿ. ಎವಿ1 ಅಂತಿದ್ದರೆ 5 ಎಚ್‌ಪಿ, ಒಂದೇ ಸಿಲಿಂಡರ್, ನಿಮಿಷಕ್ಕೆ 1500 ಸುತ್ತು. ಬೋರ್ (ಸಿಲಿಂಡರಿನ ಒಳ ಅಗಲ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 110. ಪಿಸ್ಟನ್ ರಿಂಗ್ ಕೊಳ್ಳಲು ಹೋದಾಗ ಮಾಡೆಲ್ ಹೆಸರು ಬೇಕೇ ಬೇಕು. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಶುರುವಾಗಿದ್ದು ಇಲ್ಲೇ ಪುಣೆಯ ಖಡಕಿಯಲ್ಲಿ. ಆದರೆ ಬೇರು ನಮ್ಮ ಕಡೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ. ಈ ಪ್ಲೇಟ್ ಒರೆಸುವಾಗೆಲ್ಲ ನನಗೆ ಹೆಮ್ಮೆ.

ಪಂಪಿರಲಿ, ಹಿಟ್ಟಿನ ಗಿರಣಿ ಇರಲಿ, ಸಾಮಿಲ್ ಇರಲಿ, ಬೆಲ್ಟ್ ಕಳಚಿ. ಡಿಕಂಪ್ರೆಷನ್ ಲಿವರ್ (ವಾಲ್ವ್ ತೆರೆದಿಟ್ಟು ಸಿಲಿಂಡರಿನ ಒತ್ತಡ ಬಿಡುವ ಹಿಡಿ) ಎತ್ತಿ ಫ್ಲೈವ್ಹೀಲ್, ಅಂದರೆ ಪಕ್ಕದ ಭಾರದ ಚಕ್ರ, ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ. ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿ, ಪಿಸ್ಟನ್ ಮೇಲೆ ಸ್ವಲ್ಪ ಡೀಸೆಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ತಿರುಗಿಸಿ ನೋಡಿ, ಆಮೇಲೆ ಇಂಜೆಕ್ಟರ್ ಮತ್ತೆ ಕೂರಿಸಿ. ಇಂಜಿನ್ ಆಯಿಲ್ ಬದಲಿಸಿ, ತಂಪು ಮಾಡುವ ನೀರು ತುಂಬಿಸಿ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ತೆಗೆಯಿರಿ. ತಳದಲ್ಲಿ ನೀರು ಕೂತಿರುತ್ತದೆ.

ಈಗ ಗಾಳಿ ತೆಗೆಯೋದು. ಇಲ್ಲಿ ಅವಸರ ಬೇಡ. ಹೊಸ ಡೀಸೆಲ್ ಹಾಕಿ ಟ್ಯಾಂಕಿನ ಕಾಕ್ ತೆರೆಯಿರಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ತಿಳಿ ಡೀಸೆಲ್ ಹರಿದ ಮೇಲೆ ಬಿಗಿ ಮಾಡಿ. ಇಂಜೆಕ್ಟರಿಗೆ ಡೀಸೆಲ್ ದೂಡುವ ಪಂಪಿನ ಹತ್ತಿರವೂ ಹೀಗೇ. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಫ್ಲೈವ್ಹೀಲ್ ತಿರುಗಿಸಿ, ನಟ್ ಬಿಗಿ ಮಾಡಿ. ಮತ್ತೆ ತಿರುಗಿಸಿದರೆ ಇಂಜೆಕ್ಟರ್ 'ಕರ್ರ್, ಕರ್ರ್' ಅನ್ನಬೇಕು. ಕಿವಿ ಕೊಟ್ಟು ಕೇಳಿ. ಆ ಸದ್ದು ಬರದೆ ಸುಮ್ನೆ ಹ್ಯಾಂಡಲ್ ಹೊಡೆದರೆ ತೋಳು ನೋಯುತ್ತದೆ, ಇಂಜಿನ್ ಹತ್ತೋದಿಲ್ಲ. ಇಂಜೆಕ್ಟರ್ ಹೊರಗಿಟ್ಟು ನೋಡುವಾಗ ಬಾಯಿಗೆ ಕೈ ಅಡ್ಡ ಹಿಡಿಯಲೇಬೇಡಿ. ಆ ಪಿಚಕಾರಿ ಚರ್ಮ ತೂರಿ ಒಳಗೆ ಹೋಗುತ್ತದೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಇಂಜಿನ್ ಹಿಂದಕ್ಕೆ ಒದ್ದರೆ ಬೆರಳು ಉಳಿಯುತ್ತದೆ. ಲಿವರ್ ಎತ್ತಿಟ್ಟು ವೇಗ ಹೆಚ್ಚಿಸಿ, ವೇಗ ಬಂದ ಕೂಡಲೇ ಲಿವರ್ ಬೀಳಿಸಿ. ಹತ್ತಿದ ತಕ್ಷಣ ಹ್ಯಾಂಡಲ್ ಈಚೆ ಎಳೆದುಕೊಳ್ಳಿ.

ನಿಲ್ಲಿಸುವಾಗ ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಬಳಸಿ. ಡಿಕಂಪ್ರೆಷನ್ ಲಿವರ್ ಎತ್ತಿ ನಿಲ್ಲಿಸಿದರೆ ವಾಲ್ವ್ ಹಾಳಾಗುತ್ತದೆ. ಟ್ಯಾಂಕಿನ ಕಾಕ್ ಬಂದ್ ಮಾಡಿ ನಿಲ್ಲಿಸಿದರೆ ಲೈನಿಗೆ ಮತ್ತೆ ಗಾಳಿ ಹಿಡಿಯುತ್ತದೆ.