ಸ್ಟೇಟ್‌ಮೆಂಟ್ ಡೌನ್‌ಲೋಡ್ ಸೌಲಭ್ಯವನ್ನು ಬ್ಯಾಂಕು ನಿಲ್ಲಿಸಿದಾಗ ಲೆಕ್ಕ ಕೈತಪ್ಪದಂತೆ ನೋಡಿಕೊಳ್ಳುವ ಬಗೆ

ಖಾತೆಯ ವಹಿವಾಟನ್ನು ತಿಂಗಳಿಗೊಮ್ಮೆ ಕಡತವಾಗಿ ಇಳಿಸಿಕೊಂಡು ಗ್ನೂಕ್ಯಾಶ್‌ನಂಥ ಲೆಕ್ಕದ ತಂತ್ರಾಂಶಕ್ಕೆ ಸೇರಿಸುವವರು, ಬ್ಯಾಂಕಿನ ಜಾಲತಾಣ ಹೊಸ ರೂಪ ತಳೆದ ಮರುದಿನವೇ ಡೌನ್‌ಲೋಡ್ ಗುಂಡಿ ಮಾಯವಾಗಿರುವುದನ್ನು ಕಂಡು ಕಂಗಾಲಾಗುವುದುಂಟು. ನನ್ನ ಬ್ಯಾಂಕು ಮುಂಚಿತವಾಗಿ ಇಮೇಲ್ ಕಳಿಸಿತ್ತು. ಜಾಹೀರಾತೆಂದು ಭಾವಿಸಿ ನಾನು ಅದನ್ನು ತೆರೆದಿರಲಿಲ್ಲ.

ಸೂಚನೆ ಕಣ್ಣಿಗೆ ಬಿದ್ದ ದಿನವೇ ಮಾಡಬೇಕಾದ ಕೆಲಸವೆಂದರೆ, ಜಾಲತಾಣ ಎಷ್ಟು ಹಿಂದಿನವರೆಗೆ ತೋರಿಸುತ್ತದೋ ಅಷ್ಟೂ ವಹಿವಾಟನ್ನು ಇಳಿಸಿಟ್ಟುಕೊಳ್ಳುವುದು. ಅದರ ಜೊತೆಗೆ ಅದೇ ಅವಧಿಯ ಪಿಡಿಎಫ್ ಪ್ರತಿಗಳನ್ನೂ ತೆಗೆದಿಡಿ, ಏಕೆಂದರೆ ಆರಂಭದ ಮತ್ತು ಕೊನೆಯ ಶಿಲ್ಕು ಸ್ಪಷ್ಟವಾಗಿ ನಮೂದಾಗಿರುವುದು ಸಾಮಾನ್ಯವಾಗಿ ಅವುಗಳಲ್ಲಿಯೇ.

ಆಮೇಲೆ ಡೌನ್‌ಲೋಡಿಗೆ ಕಡತದ ಯಾವ ನಮೂನೆ ಉಳಿದಿದೆ ಎಂದು ನೋಡಬೇಕು. ಮೈಕ್ರೋಸಾಫ್ಟ್, ಇನ್‌ಟ್ಯೂಟ್ ಮತ್ತು ಚೆಕ್‌ಫ್ರೀ ಕಂಪನಿಗಳು ಸೇರಿ 1997ರಲ್ಲಿ ಹೊರತಂದ ಓಎಫ್‌ಎಕ್ಸ್ ನಮೂನೆಯಲ್ಲಿ ಪ್ರತಿ ವಹಿವಾಟಿಗೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ, ಒಂದೇ ಕಡತವನ್ನು ಎರಡು ಬಾರಿ ಸೇರಿಸಿದರೂ ತಂತ್ರಾಂಶ ಅದನ್ನು ಪತ್ತೆಹಚ್ಚುತ್ತದೆ. ಅದಕ್ಕಿಂತ ಹಳೆಯ ಕ್ಯೂಐಎಫ್ ನಮೂನೆಯಲ್ಲಿ ಈ ಅನುಕೂಲವಿಲ್ಲ. ಅದರಲ್ಲಿ 03/04 ಎಂದಿದ್ದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂಬುದನ್ನು ನೀವೇ ನಿರ್ಧರಿಸಬೇಕು. ವ್ಯವಹಾರ ಖಾತೆಗಳಿಗೆ ಎಂಟಿ940 ಅಥವಾ ಕ್ಯಾಮ್ಟ್.053 ಎಂಬ ಪ್ರಮಾಣಿತ ಸ್ಟೇಟ್‌ಮೆಂಟ್ ನಮೂನೆಯ ಕಡತಗಳನ್ನು ಕೊಡುವ ಬ್ಯಾಂಕುಗಳೂ ಇವೆ, ಆದ್ದರಿಂದ ಒಮ್ಮೆ ಬರೆದು ಕೇಳುವುದು ಲೇಸು. ಸೌಲಭ್ಯವನ್ನು ಏಕೆ ತೆಗೆದಿರಿ ಎಂಬ ಪ್ರಶ್ನೆಗೆ ಉಪಯುಕ್ತ ಉತ್ತರ ಬರುವುದು ಅಪರೂಪ. ಇಂಥ ನಮೂನೆಯಲ್ಲಿ, ಇಂಥ ದಿನಾಂಕದಿಂದ ಬೇಕು ಎಂದು ಕೇಳಿದರೆ ಕೆಲಸವಾಗುವ ಸಾಧ್ಯತೆ ಹೆಚ್ಚು.

ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಪಠ್ಯದ ಕಡತವಾದ ಸಿಎಸ್‌ವಿ ಉಳಿದಿದ್ದರೆ ಅದೃಷ್ಟವೇ ಸರಿ, ಆದರೆ ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಉಳಿಸಬೇಡಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಗಳ ಉಲ್ಲೇಖ ಸಂಖ್ಯೆಯ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲು ಖಾಲಿ ಹಾಳೆ ತೆರೆದು, ದತ್ತಾಂಶವನ್ನು ಆಮದು ಮಾಡಿಕೊಳ್ಳುವಾಗಲೇ ಉಲ್ಲೇಖ ಸಂಖ್ಯೆಯ ಕಾಲಂ ಪಠ್ಯವೆಂದು ಸೂಚಿಸಬೇಕು.

ಪಿಡಿಎಫ್ ಒಂದೇ ಗತಿ ಎಂದಾದರೆ, ಟ್ಯಾಬುಲಾ ಎಂಬ ಉಚಿತ ತಂತ್ರಾಂಶ ಅದರೊಳಗಿನ ಕೋಷ್ಟಕವನ್ನು ಸಿಎಸ್‌ವಿಯಾಗಿ ಹೊರತೆಗೆಯಬಲ್ಲದು. ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿದ್ದರೆ ಮಾತ್ರ ಅದು ಕೈಚೆಲ್ಲುತ್ತದೆ. ಹೀಗೆ ತೆಗೆದದ್ದನ್ನು ಪರಿಶೀಲಿಸದೆ ನಂಬಬಾರದು. ಆರಂಭದ ಶಿಲ್ಕಿಗೆ ಜಮೆಗಳನ್ನು ಕೂಡಿಸಿ ಖರ್ಚುಗಳನ್ನು ಕಳೆದರೆ ಕೊನೆಯ ಶಿಲ್ಕು ಬರಲೇಬೇಕು. ನನಗೆ ಒಮ್ಮೆ 2,500 ವ್ಯತ್ಯಾಸ ಬಂತು. ಆ ಮೊತ್ತದ ವಹಿವಾಟೇ ಇರಲಿಲ್ಲ. ಕಾಲಂ ತಪ್ಪಿದ ಮೊತ್ತವು ತನ್ನ ಎರಡರಷ್ಟು ವ್ಯತ್ಯಾಸ ತರುವುದರಿಂದ, ಅದರ ಅರ್ಧವನ್ನು ಹುಡುಕಿದಾಗ, 1,250ರ ಜಮೆಯೊಂದು ಖರ್ಚಿನ ಕಾಲಂಗೆ ಜಾರಿ ಕುಳಿತಿರುವುದು ಕಂಡಿತು.

ಖಾತೆಗಳ ಮಾಹಿತಿಯನ್ನು ಒಂದೆಡೆ ಕಲೆಹಾಕಿಕೊಡುವ ಮಧ್ಯವರ್ತಿ ಸೇವೆಗಳೂ ಇವೆ. ಯುರೋಪಿನ ಒಕ್ಕೂಟದಲ್ಲಿ 2018ರ ಜನವರಿಯಿಂದ ಜಾರಿಗೆ ಬಂದ ಪಿಎಸ್‌ಡಿ2 ಎಂಬ ಪಾವತಿ ಸೇವೆಗಳ ನಿಯಮಾವಳಿಯಂತೆ, ಗ್ರಾಹಕರ ಒಪ್ಪಿಗೆಯಿದ್ದರೆ ಅಧಿಕೃತ ಸಂಸ್ಥೆಗಳಿಗೆ ಪಾವತಿ ಖಾತೆಯ ಮಾಹಿತಿಯನ್ನು ಬ್ಯಾಂಕು ಒದಗಿಸಬೇಕಾಗುತ್ತದೆ. ಒಪ್ಪಿಗೆ ಕೊಡಲು ಬ್ಯಾಂಕಿನ ಪುಟಕ್ಕೇ ಕರೆದೊಯ್ಯುವ ಸೇವೆಯನ್ನು ಪರಿಗಣಿಸಬಹುದು. ನಿಮ್ಮ ಪಾಸ್‌ವರ್ಡನ್ನೇ ತನ್ನಲ್ಲಿ ಇಟ್ಟುಕೊಳ್ಳಲು ಬಯಸುವುದನ್ನು ನಾನಂತೂ ದೂರವಿಡುತ್ತೇನೆ.

ತಿಂಗಳಿಗೆ ಮೂವತ್ತು ನಲವತ್ತು ವಹಿವಾಟುಗಳಷ್ಟೇ ಇದ್ದರೆ ಈ ಯಾವ ಗೊಡವೆಯೂ ಇಲ್ಲದೆ ಕೈಯಿಂದಲೇ ನಮೂದಿಸುವುದು ಬೇಗ ಮುಗಿಯುವ ಕೆಲಸ. ಅದರಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಅಂಕಿಗಳು ಅದಲುಬದಲಾಗುವುದು: 540 ಎನ್ನುವುದು 450 ಆದರೆ ವ್ಯತ್ಯಾಸ 90. ಶಿಲ್ಕಿನ ವ್ಯತ್ಯಾಸ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ, ಮೊದಲು ಹುಡುಕಬೇಕಾದದ್ದು ಇಂಥ ತಪ್ಪನ್ನೇ.