ಬಿಳಿ ಮಚ್ಚೆಗೆ ಕೂದಲ ಬುಡದಿಂದ ಬಣ್ಣ

ತೊನ್ನಿನ ಮಚ್ಚೆಗೆ ಔಷಧ ಹಿಡಿದಾಗ ಬಣ್ಣ ಹೆಚ್ಚಾಗಿ ಮೊದಲು ಮರಳುವುದು ಕೂದಲಿನ ಸುತ್ತ, ಸಣ್ಣ ಕಂದು ಚುಕ್ಕೆಗಳಾಗಿ. ರೋಮಾಂಚನವಾದಾಗ ಕೂದಲನ್ನು ನಿಮಿರಿಸುವ ಸ್ನಾಯು ಅಂಟಿಕೊಂಡ ಕಡೆ ಕೂದಲಿನ ಕೋಶಕ, ಅಂದರೆ ಕೂದಲು ಹುಟ್ಟುವ ಚರ್ಮದೊಳಗಿನ ಚೀಲ, ತುಸು ಉಬ್ಬಿರುತ್ತದೆ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳ ನೆಲೆ ಅದು. ಅಲ್ಲಿ ಎರಡು ಕುಲಗಳಿವೆ. ಒಂದರಿಂದ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಬರುತ್ತವೆ. ಇನ್ನೊಂದರ ಹಾದಿಯನ್ನು ಸುತ್ತಲಿನ ಸಂಕೇತಗಳು ಗೊತ್ತುಮಾಡುತ್ತವೆ: ವಿಂಟ್ ಎಂಬ, ಕೋಶಗಳ ನಡುವಿನ ರಾಸಾಯನಿಕ ಸಂಕೇತ ಜೋರಾದರೆ ಕೂದಲು, ತಗ್ಗಿದರೆ ಎಣ್ಣೆ ಗ್ರಂಥಿ, ಮೇಲೆ ಗಾಯವಾದರೆ ಹೊರಚರ್ಮ.

ಚರ್ಮತಜ್ಞರು ಬೇಕೆಂದೇ ಮೇಲ್ಪದರ ತೆಗೆದು ಈ ಕೋಶಗಳನ್ನು ಮಚ್ಚೆಗೆ ಸುರಿಯುವುದು ಅದಕ್ಕೇ. ಇದು ಆಪರೇಷನ್ ಥಿಯೇಟರಿನ ಕೆಲಸ, ಮನೆಮದ್ದಲ್ಲ. ಮಚ್ಚೆ ಕನಿಷ್ಠ 1 ವರ್ಷದಿಂದ ಹಿಗ್ಗದೆ ನಿಂತಿರಬೇಕು.

ಮೊದಲು ತಲೆಯ ಹಿಂಭಾಗವನ್ನು ಮರಗಟ್ಟಿಸಿ, ಸುಮಾರು 1 ಮಿ.ಮೀ. ಅಗಲದ ಪಂಚ್‌ನಿಂದ (ಕೊಳವೆಯಾಕಾರದ ಚೂಪು ಉಪಕರಣ) 15ರಿಂದ 25 ಕೋಶಕಗಳನ್ನು ಇಡಿಯಾಗಿ ತೆಗೆಯುತ್ತಾರೆ. ಪಂಚ್ ಕೂದಲಿನ ಓರೆಯನ್ನೇ ಅನುಸರಿಸಬೇಕು. ತಪ್ಪಿದರೆ ಕೋಶಕ ತುಂಡಾಗಿ ಉಬ್ಬು ಒಳಗೇ ಉಳಿಯುತ್ತದೆ. ದಪ್ಪ ಕಪ್ಪು ಬುಡದ, ಬೆಳೆಯುತ್ತಿರುವ ಕೂದಲೇ ಬೇಕು. ಬಿಳಿ ಗುಂಡುತಲೆಯ ಬುಡವೆಂದರೆ ವಿಶ್ರಾಂತಿಯ ಹಂತ. ಅದರಲ್ಲಿ ಬಣ್ಣದ ಕೋಶ ಕಡಿಮೆ.

ತೊಳೆದ ಕೋಶಕಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿಸುವ ಕಿಣ್ವವಾದ ಟ್ರಿಪ್ಸಿನ್‌ನ ಶೇ 0.25ರ ದ್ರಾವಣದಲ್ಲಿ ಒಟ್ಟು 90 ನಿಮಿಷ ಇಡಬೇಕು. ಆದರೆ ಒಂದೇ ಸಲಕ್ಕಲ್ಲ. 30 ನಿಮಿಷಕ್ಕೊಮ್ಮೆ ಕೋಶಕಗಳನ್ನು ಹೊಸ ಕೊಳವೆಗೆ ದಾಟಿಸಿ, ಹಿಂದಿನದಕ್ಕೆ ಟ್ರಿಪ್ಸಿನ್ ತಡೆಯುವ ದ್ರಾವಣ ಹಾಕಬೇಕು. ಇಲ್ಲವಾದರೆ ಮೊದಲು ಬಿಡಿಯಾದ ಕೋಶಗಳು ಉಳಿದವು ಬಿಡುವಷ್ಟರಲ್ಲಿ ಸತ್ತಿರುತ್ತವೆ. ಕೊನೆಗೆ ಬರೀ ಬೋಳು ಕೂದಲೆಳೆ ಉಳಿದರೆ ಕೆಲಸ ಸರಿಯಾಯಿತೆಂದು ಲೆಕ್ಕ.

ಮೂರೂ ಕೊಳವೆಗಳದ್ದನ್ನು 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 1,000 ಸುತ್ತಿನಂತೆ 5 ನಿಮಿಷ ತಿರುಗಿಸಿದರೆ ತಳದಲ್ಲಿ ಚುಕ್ಕೆಯಷ್ಟು ಗಸಿ ನಿಲ್ಲುತ್ತದೆ. ಮೇಲಿನ ನೀರು ಚೆಲ್ಲುವಾಗ ಅದೂ ಹೋದೀತು, ಜೋಕೆ. ಕೋಶಗಳ ಈ ಗಸಿಯನ್ನು ಅವುಗಳನ್ನು ಜೀವಂತವಾಗಿಡುವ ಸ್ವಲ್ಪವೇ ದ್ರವದಲ್ಲಿ ಕದಡಬೇಕು. ತೆಳುವಾದರೆ ಬಣ್ಣ ತೇಪೆತೇಪೆಯಾಗಿ ಬರುತ್ತದೆ.

ಮಚ್ಚೆಯನ್ನು ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಮೂಡುವವರೆಗೆ ಮಾತ್ರ ಉಜ್ಜಬೇಕು. ಆಳವಾದರೆ ಕಲೆ, ಮೇಲುಮೇಲಾದರೆ ಕೋಶಗಳು ಕಚ್ಚಿಕೊಳ್ಳುವುದಿಲ್ಲ. ಕೋಶಗಳನ್ನು ಕದಡಿದ ದ್ರವ ಸುರಿದು, ಕೊಲಾಜನ್ ಎಂಬ ಪ್ರೋಟೀನಿನ ಹಾಳೆ ಹೊದಿಸಿ ಕಟ್ಟಿದ ಪಟ್ಟಿಯನ್ನು ಸುಮಾರು 1 ವಾರ ಬಿಚ್ಚುವಂತಿಲ್ಲ. ಬಣ್ಣ ಕಾಣಲು ಕೆಲವು ವಾರ ಬೇಕು. ಹೆಚ್ಚು ಕೈಕೊಡುವುದು ಮೊಣಕೈ, ಬೆರಳಗೆಣ್ಣುಗಳಲ್ಲಿ: ಕೀಲು ಬಾಗಿದಷ್ಟೂ ಪಟ್ಟಿ ಜರುಗಿ ಕೋಶಗಳು ಕಿತ್ತುಬರುತ್ತವೆ.